ನಮ್ಮ ಕಡೆ ಹೀಗಲ್ಲ

ಕೆಲವು ವರ್ಷಗಳ ಹಿಂದೆ ಕಡೂರು ಕಡೆಯ ಒಂದು ಸಣ್ಣ ಗ್ರಂಥಾಲಯದಲ್ಲಿ ಹಳ್ಳಿಯಾಟಗಳನ್ನು ಕುರಿತ ಹಳೆಯ ಪುಸ್ತಕವೊಂದು ನನ್ನ ಕೈಗೆ ಸಿಕ್ಕಿತು. ರಟ್ಟು ಸಡಿಲಾಗಿತ್ತು, ಹೊಲಿಗೆ ಬಿಚ್ಚಿಕೊಂಡಿತ್ತು. ಚೌಕಾಬಾರದ ಪುಟದಲ್ಲಿ ಎಲ್ಲರಿಗೂ ಗೊತ್ತಿರುವ ಆ ಚಿತ್ರ: ಐದೈದರಂತೆ ಇಪ್ಪತ್ತೈದು ಮನೆ, ನಾಲ್ಕು ಬದಿಗೆ ನಾಲ್ಕು ಕಟ್ಟೆ, ನಡುವೆ ಹಣ್ಣಿನ ಮನೆ. ಕಾಯಿಗಳು ಹೊರಗಿನ ಹದಿನಾರು ಮನೆ ಸುತ್ತಿ, ಒಳಗಿನ ಎಂಟು ಮನೆಗೆ ಇಳಿದು, ಕೊನೆಗೆ ನಡುಮನೆಯಲ್ಲಿ ಹಣ್ಣಾಗುತ್ತವೆ ಎಂದು ಲೇಖಕರು ಬರೆದಿದ್ದರು. ಅದರ ಪಕ್ಕದ ಅಂಚಿನಲ್ಲಿ ಯಾರೋ ಪೆನ್ಸಿಲಿನಿಂದ ದುಂಡಗೆ ಬರೆದಿದ್ದರು: ‘ನಮ್ಮ ಕಡೆ ಹೀಗಲ್ಲ. ಒಂದು ಕಾಯಾದರೂ ಹೊಡೆದಿರಬೇಕು, ಆಮೇಲೆ ಒಳಕ್ಕೆ.’ ಅದರ ಕೆಳಗೆ ಇನ್ನೊಬ್ಬರ ಕೈಬರಹ, ನೀಲಿ ಶಾಯಿಯಲ್ಲಿ: ‘ನಮ್ಮಲ್ಲಿ ಹೊಡೆಯದಿದ್ದರೂ ಬಿಡ್ತಾರೆ.’

ಗ್ರಂಥಾಲಯದ ಪುಸ್ತಕದಲ್ಲಿ ಗೀಚಬಾರದು ಎಂಬುದು ನನಗೂ ಗೊತ್ತು. ಆದರೂ ಆಟದ ಪುಸ್ತಕಗಳ ಬಗ್ಗೆ ಕನ್ನಡದಲ್ಲಿ ನಾನು ಓದಿದ ವಿಮರ್ಶೆಗಳಲ್ಲೆಲ್ಲ ಆ ಎರಡು ಸಾಲು ಮೇಲಿನವು. ಒಬ್ಬರು ಪುಸ್ತಕವನ್ನು ತಿದ್ದಿದ್ದಾರೆ, ಇನ್ನೊಬ್ಬರು ತಿದ್ದಿದವರನ್ನು ತಿದ್ದಿದ್ದಾರೆ. ಇಬ್ಬರೂ ಆಡಿದವರು. ನೆಲದ ಮೇಲೆ ಕೂತು, ಕವಡೆ ಇಲ್ಲದಿದ್ದರೆ ಹುಣಸೆ ಬೀಜವನ್ನು ಒಂದು ಬದಿ ಕಲ್ಲಿಗೆ ತೇಯ್ದು ಬಿಳಿ ಮಾಡಿಕೊಂಡು, ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕವುಚಿ ಬಿದ್ದರೆ ಬಾರ ಎಂದು ಕೂಗಿದವರು. ಆ ಒಂದು ನಿಯಮದಲ್ಲೇ ಆಟದ ಗುಣ ಅಡಗಿದೆ. ಹೊಡೆಯದೆ ಒಳಗೆ ಬಿಡುವುದಿಲ್ಲ ಎಂದರೆ ಎಲ್ಲರೂ ಎದುರಾಳಿಯ ಬೆನ್ನು ಹತ್ತಲೇಬೇಕು, ಕಟ್ಟೆಯಲ್ಲಿ ಕಾಯಿ ಕೂರಿಸಿಕೊಂಡು ಕಾಯಬೇಕು. ಬಿಡುತ್ತಾರೆ ಎಂದರೆ ಯಾರಿಗೂ ನೋವು ಮಾಡದೆ ಹಣ್ಣಾಗಬಹುದು. ಒಂದೇ ಮನೆ, ಒಂದೇ ಕವಡೆ, ಆದರೆ ಎರಡು ಬೇರೆ ಆಟ. ಪುಸ್ತಕ ಬರೆದವರಿಗೆ ಈ ವ್ಯತ್ಯಾಸ ಕಂಡಿರಲಿಲ್ಲ, ಓದಿದವರಿಗೆ ಕಂಡಿತ್ತು.

ಇಂಥ ಪುಸ್ತಕಗಳಿಗೆ ನಮ್ಮಲ್ಲಿ ಸಿಗುವ ಅಭಿಪ್ರಾಯ ಎಂಥದ್ದು? ಪತ್ರಿಕೆಯ ಪುಸ್ತಕ ಪುಟದಲ್ಲಿ ಕಾದಂಬರಿಗೆ ಅರ್ಧ ಪುಟ, ಕವನ ಸಂಕಲನಕ್ಕೆ ಕಾಲು ಪುಟ ಸಿಗುತ್ತದೆ. ಆಟದ ಪುಸ್ತಕ ಬಂದರೆ ಸಾದರ ಸ್ವೀಕಾರದ ಪಟ್ಟಿಯಲ್ಲಿ ಹೆಸರು, ಪುಟ, ಬೆಲೆ. ಬೆನ್ನುಡಿಯಲ್ಲಿ ‘ಮಕ್ಕಳಿಗೂ ಶಿಕ್ಷಕರಿಗೂ ಉಪಯುಕ್ತ’ ಎಂಬ ಮಾತು. ಉಪಯುಕ್ತ ಎಂದಮೇಲೆ ಸರಿಯೋ ತಪ್ಪೋ ಎಂದು ಯಾರೂ ಕೇಳುವುದಿಲ್ಲ. ಆಟ ಮಕ್ಕಳ ಪಾಲಿಗೆ, ಓದು ದೊಡ್ಡವರ ಪಾಲಿಗೆ ಎಂದು ಹಂಚಿಕೊಂಡುಬಿಟ್ಟಿದ್ದೇವೆ. ಹಾಗಾಗಿ ಆಟವನ್ನು ಕುರಿತ ಓದು ಎರಡೂ ಕಡೆ ಸಲ್ಲದೆ ನಡುವೆ ಉಳಿದಿದೆ.

ಈ ನಾಡಿನಲ್ಲಿ ಮೊದಲಿನಿಂದ ಹೀಗಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ರಚಿಸಿದ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗ, ಒಟ್ಟು ನೂರು. ಅದರಲ್ಲಿ ಒಂದು ಇಡೀ ಭಾಗ ವಿನೋದಕ್ಕೆ, ಇನ್ನೊಂದು ಇಡೀ ಭಾಗ ಕ್ರೀಡೆಗೆ. ರಾಜ್ಯಭಾರ, ಖಜಾನೆ, ಅಡುಗೆ, ವೈದ್ಯ ಎಲ್ಲವನ್ನೂ ಹೇಳಬೇಕಿದ್ದ ಗ್ರಂಥದ ನೂರು ಅಧ್ಯಾಯಗಳಲ್ಲಿ ನಲವತ್ತು ಆಟಪಾಟಕ್ಕೆ ಮೀಸಲು. ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ ಮುಮ್ಮಡಿ ಕೃಷ್ಣರಾಜ ಒಡೆಯರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿ ಎಂಬುದು ಮಣೆಯಾಟ, ಗಂಜೀಫ, ಚದುರಂಗಗಳಿಗೆ ಮೀಸಲು. ಕುದುರೆ ಕಾಯಿಯನ್ನು ಒಂದು ಮನೆಗೆ ಒಂದೇ ಸಲದಂತೆ ಅರವತ್ನಾಲ್ಕು ಮನೆಯಲ್ಲೂ ನಡೆಸುವ ಲೆಕ್ಕವನ್ನು ಅವರು ಬಿಡಿಸಿದ್ದರು. ಇಬ್ಬರೂ ದೊರೆಗಳೇ, ಅವರಿಗೆ ಪುರಸೊತ್ತಿತ್ತು ಎನ್ನಬಹುದು. ನಾನು ಹೇಳುವುದು ಬೇರೆ: ಅವರು ಆಡಿ ಬರೆದರು, ಬರೆದದ್ದನ್ನು ಆಡುವವರ ಮುಂದೆ ಇಟ್ಟರು.

ಆಡಿದವರ ಮಾತು ಅಷ್ಟಾಯಿತು. ಆಟದ ಪುಸ್ತಕಕ್ಕೆ ಇನ್ನೊಂದು ಬಗೆಯ ಓದುಗರೂ ಇದ್ದಾರೆ. ಅವರು ಆಟಕ್ಕೆ ತೆತ್ತವರು. ಅವರ ಮಾತನ್ನಂತೂ ನಾವು ಕೇಳಿಯೇ ಇಲ್ಲ. ಬೇಟೆಯ ಪುಸ್ತಕಗಳನ್ನೇ ನೋಡಿ.

ದೊಡ್ಡ ಗ್ರಂಥಾಲಯಗಳು ಬಳಸುವ ಡ್ಯೂಯಿ ವರ್ಗೀಕರಣದಲ್ಲಿ 790ರಿಂದ ಮುಂದಿನ ಅಂಕೆಗಳು ಮನರಂಜನೆ ಮತ್ತು ಆಟಗಳಿಗೆ ಸೇರಿದವು. 794 ಚದುರಂಗದಂಥವು, 796 ಮೈದಾನದ ಆಟಗಳು, 799 ಮೀನು ಹಿಡಿಯುವುದು ಮತ್ತು ಬೇಟೆ. ಶಿಕಾರಿ ಪುಸ್ತಕ, ಕ್ರಿಕೆಟ್ ಪುಸ್ತಕ ಒಂದೇ ಕಪಾಟಿನ ನೆಂಟರು. ಬರೆದವರಿಗೆ, ಹಂಚಿದವರಿಗೆ, ಬಹುಪಾಲು ಓದಿದವರಿಗೆ ಬೇಟೆ ಒಂದು ಆಟವೇ ಆಗಿತ್ತು.

ಬೆಂಗಳೂರಿನ ಕೆನೆತ್ ಆಂಡರ್ಸನ್ 1954ರಲ್ಲಿ ಪ್ರಕಟಿಸಿದ ‘ನೈನ್ ಮ್ಯಾನ್-ಈಟರ್ಸ್ ಅಂಡ್ ಒನ್ ರೋಗ್’ ಪುಸ್ತಕದಲ್ಲಿ ಎಮ್ಮೆದೊಡ್ಡಿಯ ನರಭಕ್ಷಕನ ಮೇಲೆ ಒಂದು ಅಧ್ಯಾಯವಿದೆ. ಎಮ್ಮೆದೊಡ್ಡಿ ಇರುವುದು ನಮ್ಮ ಕಡೂರು ತಾಲ್ಲೂಕಿನಲ್ಲಿ, ಬಾಬಾಬುಡನ್ ಬೆಟ್ಟಗಳ ಬುಡಕ್ಕೆ, ಜನಪದ ಹಾಡಿನಿಂದ ನಾಡಿಗೆಲ್ಲ ಗೊತ್ತಾದ ಮದಗದ ಕೆರೆಯ ಹತ್ತಿರ. ಅದೇ ಪುಸ್ತಕದಲ್ಲಿ ಹೊಸದುರ್ಗ–ಹೊಳಲ್ಕೆರೆಯ ಹುಲಿಯ ಅಧ್ಯಾಯವೂ ಇದೆ. ಅಜ್ಜಂಪುರದವರಿಗೆ ಹೊಸದುರ್ಗ ನೆರೆಯ ತಾಲ್ಲೂಕು, ಸಂತೆಯ ದಾರಿ. ಲಂಡನ್ನಿನ ಓದುಗರಿಗೆ ಇವೆಲ್ಲ ಬಾಯಿ ಹೊರಳದ ಹೆಸರುಗಳು. ನಮಗೆ ಬಸ್ಸಿನ ಬೋರ್ಡಿನಲ್ಲಿರುವ ಊರುಗಳು.

ಎಮ್ಮೆದೊಡ್ಡಿಯ ಕಥೆಯನ್ನು ನಾನು ಮೊದಲು ಓದಿದಾಗ ಎಲ್ಲರಂತೆ ಬೇಟೆಗಾರರ ಜೊತೆ ಮರದ ಮೇಲಿನ ಅಟ್ಟಣೆಯಲ್ಲಿ ಕೂತು ಓದಿದೆ. ಕತ್ತಲು, ಸದ್ದು, ಕಾಯುವುದು. ಬರವಣಿಗೆಯ ಆ ಬಿಗಿ ನಿಜವಾದದ್ದು, ಅದನ್ನು ಅಲ್ಲಗಳೆಯುವುದಿಲ್ಲ. ಮುಂದೊಮ್ಮೆ ಆ ಕಡೆಯವರೇ ಆದ ಹಿರಿಯ ರೈತರೊಬ್ಬರಿಗೆ ಈ ಕಥೆಯನ್ನು ಕನ್ನಡದಲ್ಲಿ ಹೇಳಿದೆ. ಅವರು ದನ ಕಟ್ಟಿ ಬದುಕಿದವರು. ಪೂರ್ತಿ ಕೇಳಿ, ಎಲೆಯಡಿಕೆ ಬಾಯಿಗೆ ಹಾಕಿಕೊಂಡು, ಕೇಳಿದ್ದು ಇಷ್ಟೇ: ‘ಹುಲಿಗೆ ಕಟ್ಟಿದ ಎಮ್ಮೆಗರು ಯಾರ್ದು ಸ್ವಾಮಿ? ದುಡ್ಡು ಎಷ್ಟು ಕೊಟ್ರಂತೆ?’

ಆ ದಿನದಿಂದ ನಾನು ಶಿಕಾರಿ ಪುಸ್ತಕಗಳನ್ನು ಓದುವ ರೀತಿಯೇ ಬದಲಾಯಿತು. ಊರಿನ ಹೆಸರಲ್ಲೇ ದೊಡ್ಡಿ ಇದೆ, ದನ ಎಮ್ಮೆ ಕೂಡಿ ಹಾಕುವ ಜಾಗ. ಅಂಥ ಊರಿನಲ್ಲಿ ಒಂದು ಎಮ್ಮೆಗರು ಎಂದರೆ ಮುಂದಿನ ವರ್ಷಗಳ ಹಾಲು, ಗೊಬ್ಬರ, ಮಗಳ ಮದುವೆಯ ಖರ್ಚಿನಲ್ಲೊಂದು ಪಾಲು. ಶಿಕಾರಿ ಸಾಹಿತ್ಯದಲ್ಲಿ ಊರಿನವರು ಬರುವುದು ಮೂರು ಕೆಲಸಕ್ಕೆ: ಸುದ್ದಿ ತರುವುದಕ್ಕೆ, ಕರು ಕಟ್ಟುವುದಕ್ಕೆ, ಅಟ್ಟಣೆ ಹಾಕುವುದಕ್ಕೆ. ಹುಲಿ ಬಿದ್ದಮೇಲೆ ಸುತ್ತ ನಿಂತು ಸಂತೋಷಪಡುವುದಕ್ಕೂ ಬರುತ್ತಾರೆ. ಆಂಡರ್ಸನ್ ಈ ಜಾತಿಯ ಲೇಖಕರಲ್ಲಿ ಮೃದು ಮನಸ್ಸಿನವರು. ಇದೇ ಪುಸ್ತಕದಲ್ಲಿ ಬೈರ ಎಂಬ ಪೂಜಾರಿಗೆ ಒಂದು ಇಡೀ ಅಧ್ಯಾಯ ಕೊಟ್ಟಿದ್ದಾರೆ, ಅವನನ್ನು ಸ್ನೇಹಿತನಂತೆ ಕಂಡಿದ್ದಾರೆ. ಆದರೂ ಪುಸ್ತಕದ ಕಣ್ಣು ಇರುವುದು ಬಂದೂಕಿನ ಹಿಂದೆ. ಆ ರೈತರ ಪ್ರಶ್ನೆ ಬಂದದ್ದು ಕಟ್ಟಿದ ಹಗ್ಗದ ಕಡೆಯಿಂದ. ಒಂದು ಪುಸ್ತಕಕ್ಕೆ ಇದಕ್ಕಿಂತ ದೊಡ್ಡ ಪ್ರಶ್ನೆಯನ್ನು ಯಾವ ಪಂಡಿತರೂ ಕೇಳಲಾರರು.

ಆಂಡರ್ಸನ್ನರನ್ನು ಕನ್ನಡಕ್ಕೆ ತಂದವರು ನಮ್ಮ ಜಿಲ್ಲೆಯಲ್ಲೇ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿ. ಮೂಡಿಗೆರೆಯಲ್ಲಿ ಕೂತು ‘ಕಾಡಿನ ಕತೆಗಳು’ ಎಂದು ನಾಲ್ಕು ಭಾಗಗಳಲ್ಲಿ ಅವುಗಳನ್ನು ಭಾವಾನುವಾದ ಮಾಡಿದರು. ಗಾಳ ಹಿಡಿದು ಹೊಳೆಯ ದಡದಲ್ಲಿ ದಿನಗಟ್ಟಲೆ ಕೂತವರು, ಕಾಡು ತಿರುಗಿದವರು. ಆದ್ದರಿಂದ ಅವರ ಅನುವಾದ ಒಬ್ಬ ಬಲ್ಲ ಓದುಗರ ಅಭಿಪ್ರಾಯವೂ ಆಯಿತು. ಎಲ್ಲಿ ನಿಧಾನಿಸಬೇಕು, ಯಾವುದನ್ನು ನಮ್ಮ ಮಾತಿನಲ್ಲಿ ಮತ್ತೆ ಹೇಳಬೇಕು ಎಂದು ಅವರು ತೀರ್ಮಾನಿಸಿದ್ದು ಶಬ್ದಕೋಶ ನೋಡಿಕೊಂಡಲ್ಲ. ಸಾವಿರಾರು ಕನ್ನಡ ಹುಡುಗರು ಕಾಡಿನ ಓದಿಗೆ ಬಿದ್ದದ್ದು ಆ ಪುಸ್ತಕಗಳಿಂದ. ನನ್ನ ಆಸೆ, ಅದೇ ಓದು ಒಂದು ಹೆಜ್ಜೆ ಮುಂದೆ ಬಂದು ಎಮ್ಮೆದೊಡ್ಡಿಯ ಜಗಲಿಯ ಮೇಲೂ ಕೂರಬೇಕು ಎಂಬುದು.

ಕಾಲವೂ ಬದಲಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಹುಲಿಬೇಟೆ ಆಟದ ಪಟ್ಟಿಯಿಂದ ಅಪರಾಧದ ಪಟ್ಟಿಗೆ ಬಂತು. 1998ರಲ್ಲಿ ಭದ್ರಾ ಅಭಯಾರಣ್ಯ ಹುಲಿ ಯೋಜನೆಗೆ ಸೇರಿತು. ಅಲ್ಲಿಂದ ಕೆಲವೇ ವರ್ಷಗಳಲ್ಲಿ ಕಾಡಿನೊಳಗಿದ್ದ ಊರುಗಳ ಜನ ಹೊರಗೆ ಬಂದರು. ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ಅವರ ಹೊಸ ಮನೆ, ಹೊಸ ಗದ್ದೆ. ಈಗ ಲಕ್ಕವಳ್ಳಿಯ ಕಡೆಯಿಂದ ಜೀಪು ಹತ್ತಿ ಹುಲಿ ನೋಡಲು ಹೋಗುವುದು ಹೊಸ ವಿಹಾರ. ಅದರ ಬಗ್ಗೆಯೂ ಪುಸ್ತಕಗಳು, ಚಿತ್ರಸಂಪುಟಗಳು ಬರುತ್ತಿವೆ. ಬಂದೂಕಿನ ಜಾಗಕ್ಕೆ ಕ್ಯಾಮೆರಾ ಬಂದದ್ದು ಒಳ್ಳೆಯದೇ. ಆದರೆ ಕಾಡಿನೊಳಗೆ ಹುಟ್ಟಿ, ಹುಲಿಗಾಗಿ ಊರು ಬಿಟ್ಟುಕೊಟ್ಟವರು ಆ ಪುಸ್ತಕಗಳ ಬಗ್ಗೆ ಏನು ಹೇಳುತ್ತಾರೆ ಎಂಬುದು ಆ ಪುಸ್ತಕಗಳಷ್ಟೇ ಮುಖ್ಯ. ಅವರ ಮಕ್ಕಳು ಈಗ ಕಾಲೇಜು ಓದಿದವರು. ಕೇಳುವವರು ಬೇಕು, ಅಷ್ಟೆ.

ತೆತ್ತವರ ಇದೇ ಪ್ರಶ್ನೆ ಅಜ್ಜಂಪುರದಲ್ಲಿ ಇನ್ನೊಂದು ರೂಪದಲ್ಲಿದೆ. ಅಲ್ಲಿನ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವನ್ನು ಕಂಡವರಿಗೆ ಆ ದನಗಳ ಕೊಂಬಿನ ಎತ್ತರ, ಕಣ್ಣಿನ ಉರಿ ಮರೆಯುವುದಿಲ್ಲ. ಮೈಸೂರು ಒಡೆಯರ ಬೆಣ್ಣೆ ಚಾವಡಿಯಿಂದ ಬಂದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎನಿಸಿಕೊಂಡ ತಳಿ. ಸೈನ್ಯದ ಸಾಮಾನು ಹೊತ್ತು ದೂರ ದೂರ ನಡೆದದ್ದರಿಂದ ಹೆಸರಾದದ್ದು. ಇಂಥ ಎತ್ತುಗಳನ್ನು ಕಟ್ಟುವ ಗಾಡಿ ಓಟದ ಬಗ್ಗೆ ಬಂದಿರುವ ಬರಹಗಳಲ್ಲಿ ಎರಡೇ ಬಗೆ. ಒಂದು ಅದನ್ನು ಸಂಸ್ಕೃತಿ ಎಂದು ಹೊಗಳುತ್ತದೆ, ಇನ್ನೊಂದು ಕ್ರೌರ್ಯ ಎಂದು ತೆಗಳುತ್ತದೆ. 2014ರಲ್ಲಿ ಸುಪ್ರೀಂ ಕೋರ್ಟ್ ತಡೆದದ್ದು, 2017ರಲ್ಲಿ ಕರ್ನಾಟಕ ಕಾಯ್ದೆ ತಿದ್ದಿದ್ದು, 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿ ಹಿಡಿದದ್ದು ಎರಡೂ ಬಗೆಯ ಬರಹಗಳಲ್ಲಿ ಇರುತ್ತದೆ. ಎತ್ತು ಸಾಕಿದವರಿಗೆ ಈ ಎರಡೂ ಕಡೆ ಸಮಾಧಾನ ಇಲ್ಲ. ಅವರು ಕೇಳುವುದು: ಆರು ತಿಂಗಳು ಹುರುಳಿ, ಹತ್ತಿಕಾಳು ಹಿಂಡಿ ತಿನ್ನಿಸಿದ್ದನ್ನು ಯಾಕೆ ಬರೆಯಲಿಲ್ಲ? ಕಾಲು ಉಳುಕಿದ ಎತ್ತು ಆಮೇಲೆ ಎಲ್ಲಿಗೆ ಹೋಯಿತು ಎಂದು ಯಾಕೆ ಬರೆಯಲಿಲ್ಲ? ಹೊಗಳುವವರಿಗೆ ಎರಡನೆಯ ಪ್ರಶ್ನೆ ಕಷ್ಟ, ತೆಗಳುವವರಿಗೆ ಮೊದಲನೆಯದು ಕಷ್ಟ. ಪ್ರಾಮಾಣಿಕ ಪುಸ್ತಕ ಎರಡಕ್ಕೂ ಉತ್ತರ ಕೊಡಬೇಕು.

ಆಟಗಾರರ ಆತ್ಮಕಥೆಗಳ ವಿಷಯಕ್ಕೆ ಬಂದರೆ ಓದುಗರ ಅಭಿಪ್ರಾಯ ಆಟಗಾರರ ಮೇಲಿನ ಅಭಿಮಾನದಲ್ಲೇ ಕರಗಿ ಹೋಗುತ್ತದೆ. ಜಿ.ಆರ್. ವಿಶ್ವನಾಥ್ ಅವರ ‘ರಿಸ್ಟ್ ಅಶ್ಯೂರ್ಡ್’ 2022ರಲ್ಲಿ ಬಂತು. ಕಾನ್ಪುರದ ಮೊದಲ ಟೆಸ್ಟಿನಲ್ಲಿ ಸೊನ್ನೆ ಮತ್ತು 137, ಮದ್ರಾಸಿನ ಔಟಾಗದ 97 – ಇವನ್ನು ಹುಡುಕಿ ಓದುವವರೇ ಹೆಚ್ಚು. ತರೀಕೆರೆಯವರು ಹುಡುಕುವುದು ಭದ್ರಾವತಿಯನ್ನು, ವಿಶ್ವನಾಥ್ ಹುಟ್ಟಿದ ಊರನ್ನು, ರೈಲಿನಲ್ಲಿ ಹೋದರೆ ತರೀಕೆರೆಗೆ ಹತ್ತಿರದ ಊರನ್ನು. ಈ ಹುಡುಕಾಟ ಊರಭಿಮಾನವಷ್ಟೇ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಒಬ್ಬ ಆಟಗಾರ ಎಲ್ಲಿಂದ ಬಂದ ಎಂದು ಕೇಳುವುದು, ಅವನನ್ನು ಬೆಳೆಸಿದ ಮಣ್ಣು, ಗೋಡೆ, ಚೆಂಡು ಯಾವುದು ಎಂದು ಕೇಳಿದಂತೆ.

ವೇದಾ ಕೃಷ್ಣಮೂರ್ತಿ ಅವರ ವಿಷಯದಲ್ಲಿ ಈ ಪ್ರಶ್ನೆಗೆ ಇನ್ನೂ ತೂಕ ಹೆಚ್ಚು. 1992ರಲ್ಲಿ ಕಡೂರಿನಲ್ಲಿ ಹುಟ್ಟಿ, ಬೀದಿಯಲ್ಲಿ ಹುಡುಗರ ಜೊತೆ ಆಡಿ, 2005ರಲ್ಲಿ ತರಬೇತಿಗೆ ಬೆಂಗಳೂರಿಗೆ ಹೋದವರು. 2011ರಲ್ಲಿ ಇಂಗ್ಲೆಂಡಿನ ಡರ್ಬಿಯಲ್ಲಿ ಭಾರತದ ಪರ ಮೊದಲ ಏಕದಿನ ಪಂದ್ಯದಲ್ಲೇ 51. ಆರು ವರ್ಷದ ನಂತರ ಅದೇ ಡರ್ಬಿ, 2017ರ ವಿಶ್ವಕಪ್, ಗೆಲ್ಲಲೇಬೇಕಿದ್ದ ನ್ಯೂಜಿಲೆಂಡ್ ಪಂದ್ಯ: 45 ಎಸೆತಕ್ಕೆ 70. ಲಾರ್ಡ್ಸ್ ಫೈನಲ್‌ನಲ್ಲಿ 35. ಭಾರತ ಸೋತದ್ದು ಒಂಬತ್ತೇ ರನ್ನಿನಿಂದ. ಆ ರಾತ್ರಿ ಕಡೂರಿನಲ್ಲಿ ಟೀವಿ ಮುಂದೆ ಕೂತವರಲ್ಲಿ ನಾನೂ ಒಬ್ಬ, ಮಾತಾಡಲು ಯಾರಿಗೂ ಮನಸ್ಸಿರಲಿಲ್ಲ.

ಇವರ ಬದುಕಿನ ಮೇಲೆ ಯಾರೇ ಪುಸ್ತಕ ಬರೆದರೂ ಅಂಕಿಅಂಶ ಕೊಡುವುದು ಸುಲಭ. ಕಡೂರಿನ ಓದುಗರು, ಅದರಲ್ಲೂ ಹೆಂಗಸರು, ಆ ಪುಸ್ತಕದಲ್ಲಿ ಬೇರೆಯದನ್ನು ಹುಡುಕುತ್ತಾರೆ. ಹುಡುಗಿ ಬೀದಿಯಲ್ಲಿ ಬ್ಯಾಟು ಹಿಡಿದಾಗ ಅಕ್ಕಪಕ್ಕದ ಮನೆಯವರು ಏನಂದರು? ಹದಿಮೂರು ತುಂಬುವ ಹೊತ್ತಿಗೆ ಮಗಳನ್ನು ಊರು ಬಿಡಿಸಿ ಕಳಿಸುವುದೆಂದರೆ ಮನೆಯಲ್ಲಿ ಏನೇನು ಮಾತಾಗಿರಬೇಕು? ಆಡುವ ಹುಡುಗಿಯ ಹಿಂದೆ ತೆತ್ತ ಒಂದು ಮನೆ ಇರುತ್ತದೆ. ಪುಸ್ತಕದಲ್ಲಿ ಆ ಮನೆ ಒಂದು ಸಾಲಿನ ಕೃತಜ್ಞತೆಯಾಗಿ ಮುಗಿದುಹೋದರೆ, ಇಲ್ಲಿನ ಓದುಗರು ‘ನಮ್ಮ ಕಡೆ ಹೀಗಲ್ಲ’ ಎಂದು ಅಂಚಿನಲ್ಲಿ ಬರೆಯಬೇಕು, ಬರೆಯುವ ಹಕ್ಕು ಅವರಿಗಿದೆ. ಕಾರುಣ್ಯ ಕೇಶವ್ ಮತ್ತು ಸಿದ್ಧಾಂತ ಪಟ್ನಾಯಕ್ 2018ರಲ್ಲಿ ಇಂಗ್ಲಿಷಿನಲ್ಲಿ ಬರೆದ ‘ದಿ ಫೈರ್ ಬರ್ನ್ಸ್ ಬ್ಲೂ’ ಭಾರತದ ಮಹಿಳಾ ಕ್ರಿಕೆಟ್ಟಿನ ಚರಿತ್ರೆ. ಅಂಥದೊಂದು ಕನ್ನಡದಲ್ಲಿ, ನಮ್ಮ ಸಣ್ಣ ಊರುಗಳಿಂದ ಹೊರಟವರ ಮೇಲೆ ಬರಬೇಕು. ಅದರ ಕರಡು ಪ್ರತಿಯನ್ನು ಮೊದಲು ಓದಬೇಕಾದವರು ಈ ಊರುಗಳ ಹೈಸ್ಕೂಲಿನ ಆಟದ ಮೇಷ್ಟ್ರುಗಳು, ಆಡುವ ಹೆಣ್ಣುಮಕ್ಕಳು.

ನನ್ನ ಈ ವಾದಕ್ಕೆ ಬಲವಾದ ಎದುರು ಮಾತೊಂದಿದೆ. ಎಲ್ಲರೂ ‘ನಮ್ಮ ಕಡೆ ಹೀಗಲ್ಲ’ ಎನ್ನುತ್ತ ಕೂತರೆ ಆಟ ಊರಿನ ಗಡಿ ದಾಟುವುದು ಹೇಗೆ? ಖೊಖೊ ಇವತ್ತು ದೇಶದ ಆಟವಾಗಿರುವುದಕ್ಕೆ ಕಾರಣ, 1914ರ ಸುಮಾರಿಗೆ ಪುಣೆಯ ಡೆಕ್ಕನ್ ಜಿಮ್ಖಾನಾದವರು ಕೂತು ನಿಯಮ ಬರೆದದ್ದು. ಕಬಡ್ಡಿ 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಪದಕದ ಆಟವಾದದ್ದೂ ಎಲ್ಲರೂ ಒಂದೇ ನಿಯಮಪುಸ್ತಕ ಒಪ್ಪಿದ್ದರಿಂದ. ಊರೂರಿನ ಪಾಠಾಂತರಗಳನ್ನು ಬಿಟ್ಟುಕೊಟ್ಟದ್ದರಿಂದಲೇ ಒಬ್ಬ ಹಳ್ಳಿಯ ಹುಡುಗ ರಾಜ್ಯ ತಂಡಕ್ಕೆ ಹೋಗುವ ದಾರಿ ತೆರೆಯಿತು. ಇದು ನಿಜ, ನಾನು ಒಪ್ಪುತ್ತೇನೆ. ಬೀರೂರಿನ ಮೈದಾನದಲ್ಲಿ ಖೊಖೊ ಆಡುವ ಹೆಣ್ಣುಮಗುವಿಗೆ ನಿಯಮ ಊರಿಗೊಂದಾದರೆ ಅನ್ಯಾಯವಾಗುತ್ತದೆ.

ಆದರೆ ನಿಯಮಪುಸ್ತಕ ಬೇರೆ, ಆಟವನ್ನು ಕುರಿತ ಪುಸ್ತಕ ಬೇರೆ. ಮೊದಲನೆಯದು ರೆಫರಿಯ ಜೇಬಿನಲ್ಲಿರಬೇಕಾದ್ದು, ಅಲ್ಲಿ ಒಂದೇ ಮಾತು ಇರಬೇಕು. ಎರಡನೆಯದು ಜನರ ನೆನಪು. ಅಲ್ಲಿ ಒಂದೇ ಮಾತು ಇದ್ದರೆ ಉಳಿದ ಮಾತುಗಳು ಸತ್ತವು ಎಂದೇ ಅರ್ಥ. ನಮ್ಮ ಹಳ್ಳಿಯಾಟದ ಪುಸ್ತಕಗಳ ತೊಂದರೆ ಇದೇ: ನೆನಪನ್ನು ದಾಖಲಿಸುತ್ತೇವೆ ಎಂದು ಹೊರಟು ನಿಯಮಪುಸ್ತಕದ ದನಿಯಲ್ಲಿ ಬರೆಯುತ್ತವೆ. ‘ಈ ಆಟವನ್ನು ಹೀಗೆ ಆಡಲಾಗುತ್ತದೆ’ ಎಂಬ ವಾಕ್ಯದಲ್ಲಿ ಆಡಿದವರೂ ಇಲ್ಲ, ಊರೂ ಇಲ್ಲ. ತರೀಕೆರೆಯ ಏರಿಯ ಮೇಲೆ ಮೇಯುವ ಕರಿ ಕುರಿಮರಿಗಳ ಆ ನಾಲಿಗೆ ತೊಡರುವ ಮಾತನ್ನೇ ನೋಡಿ. ನಾಡಿನ ಮಕ್ಕಳೆಲ್ಲ ಅದನ್ನು ಪಂದ್ಯ ಕಟ್ಟಿ ಹೇಳುತ್ತಾರೆ, ಬೇಗ ಹೇಳಿದವರು ಗೆದ್ದರು. ತರೀಕೆರೆಯ ಮಗುವಿಗೆ ಏರಿ ಎಂದರೆ ಕಣ್ಣೆದುರಿನ ಕೆರೆಯ ಏರಿ. ಆಡುವುದು ಅದೇ ಆಟ, ಆದರೆ ಅದು ನೋಡಿಕೊಂಡು ಆಡುತ್ತದೆ. ಈ ಹೆಚ್ಚಳವನ್ನು ಪುಸ್ತಕಕ್ಕೆ ತರಬಲ್ಲವರು ಅಲ್ಲಿನ ಓದುಗರು ಮಾತ್ರ.

ಇನ್ನೊಂದು ಆಕ್ಷೇಪ: ಸಾಮಾನ್ಯ ಓದುಗರಿಗೆ ಬರವಣಿಗೆಯ ಗುಣ ತೂಗುವ ಶಿಕ್ಷಣ ಇರುವುದಿಲ್ಲ, ಅವರು ಸಂಗತಿಯ ತಪ್ಪು ಹುಡುಕುವುದರಲ್ಲೇ ನಿಲ್ಲುತ್ತಾರೆ. ನಿಲ್ಲಲಿ. ಆಟದ ಪುಸ್ತಕದಲ್ಲಿ ಸಂಗತಿ ತಪ್ಪಿದರೆ ಬರವಣಿಗೆಯೂ ತಪ್ಪಿದಂತೆಯೇ. ಬುಗುರಿಗೆ ಚಾಟಿ ಸುತ್ತುವುದನ್ನು ಕೆಳಗಿನ ಮೊಳೆಯ ಕಡೆಯಿಂದ ಶುರು ಮಾಡಬೇಕು ಎಂದು ಗೊತ್ತಿಲ್ಲದವರು ಬುಗುರಿಯ ಮೇಲೆ ಎಷ್ಟು ಚಂದದ ವಾಕ್ಯ ಬರೆದರೂ ಆ ಬುಗುರಿ ತಿರುಗುವುದಿಲ್ಲ.

ಹಾಗಾದರೆ ಮಾಡುವುದೇನು? ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಗ್ರಂಥಾಲಯಕ್ಕೆಂದು ನಾವು ಕರ ಕಟ್ಟುತ್ತೇವೆ, ಪುಸ್ತಕ ಕೊಳ್ಳುವುದು ನಮ್ಮ ದುಡ್ಡಿನಿಂದ. ಕೊಂಡ ಪುಸ್ತಕದ ಬಗ್ಗೆ ನಮ್ಮನ್ನು ಕೇಳುವ ಪದ್ಧತಿ ಮಾತ್ರ ಬೆಳೆದಿಲ್ಲ. ಆಟ, ಬೇಟೆ, ಜಾತ್ರೆ, ವಿಹಾರದ ಪುಸ್ತಕಗಳ ಕೊನೆಯಲ್ಲಿ ನಾಲ್ಕು ಖಾಲಿ ಹಾಳೆ ಹೊಲಿದು, ಮೇಲೆ ‘ನಿಮ್ಮ ಕಡೆ ಹೇಗೆ?’ ಎಂದು ಅಚ್ಚು ಹಾಕಿ. ಓದಿದವರು ಊರಿನ ಹೆಸರು ಬರೆದು, ತಮ್ಮ ಕಡೆಯ ರೀತಿ ಬರೆಯಲಿ. ಓದು ಬಾರದ ಅಜ್ಜಿಯ ಮಾತನ್ನು ಮೊಮ್ಮಗಳು ಬರೆಯಲಿ. ಎರಡನೆಯ ಮುದ್ರಣದ ಹೊತ್ತಿಗೆ ಪ್ರಕಾಶಕರು ಆ ಹಾಳೆಗಳನ್ನು ತರಿಸಿ ನೋಡಲಿ. ಖರ್ಚು ನಾಲ್ಕು ಹಾಳೆಯದು.

ಇದನ್ನು ಬರೆಯುವ ಮೊದಲು ಬೀರೂರಿನಲ್ಲಿರುವ ನಮ್ಮ ದೊಡ್ಡಮ್ಮನನ್ನು ಚೌಕಾಬಾರದ ಆ ನಿಯಮದ ಬಗ್ಗೆ ಕೇಳಿದೆ. ಹೊಡೆಯದೆ ಒಳಗೆ ಬಿಡುತ್ತಿದ್ದರೋ ಇಲ್ಲವೋ? ಅವರು ತಟ್ಟನೆ ಉತ್ತರ ಕೊಡಲಿಲ್ಲ. ‘ನಮ್ಮಮ್ಮನ ಮನೇಲಿ ಬಿಡ್ತಿರಲಿಲ್ಲ ಕಣೋ. ಇಲ್ಲಿ ಬಂದ ಮೇಲೆ ನಮ್ಮತ್ತೆ ಬಿಡ್ತಿದ್ರು’ ಎಂದರು. ಅವರ ತವರು ಅಜ್ಜಂಪುರದ ಕಡೆ. ಮದುವೆಯಾಗಿ ಬಂದ ಹೊಸದರಲ್ಲಿ, ಒಂದು ಮಧ್ಯಾಹ್ನ ಅತ್ತೆಯ ಜೊತೆ ಆಡುವಾಗ, ಹೊಡೆಯದೆಯೇ ಅತ್ತೆಯ ಕಾಯಿ ಒಳಕ್ಕೆ ಇಳಿಯಿತಂತೆ. ಇವರು ಬಾಯಿಬಿಟ್ಟು ಏನೂ ಹೇಳಲಿಲ್ಲವಂತೆ. ಅತ್ತೆಯೇ ಇವರ ಮುಖ ನೋಡಿ, ‘ಯಾಕಮ್ಮ, ನಿಮ್ಮ ಕಡೆ ಹಿಂಗಲ್ವಾ?’ ಎಂದು ಕೇಳಿ, ಕಾಯಿಯನ್ನು ಹೊರಗಿನ ಮನೆಗೆ ಎತ್ತಿಟ್ಟು, ಮತ್ತೆ ಕವಡೆ ಕೈಗೆ ತೆಗೆದುಕೊಂಡರಂತೆ.